ಷರಾ ಕಾಲಂ

ಆ ಚಳಿಗಾಲ ನನ್ನ ಕೆಲಸ ಪ್ರಶ್ನೆ ಕೇಳುವುದು.
ಕಂಕುಳಲ್ಲಿ ನಲವತ್ತು ಪುಟದ ಫಾರಂ, ಜೇಬಲ್ಲಿ ಪೆನ್ಸಿಲ್ಲು,
ಮೈನಸ್ ಮೂವತ್ತರಲ್ಲಿ ಶಾಯಿ ಹೆಪ್ಪುಗಟ್ಟುತ್ತದೆ.
ಮ್ಯಾನಿಟೋಬಾದ ಬೋಳು ಬಯಲಲ್ಲಿ
ಗೋಧಿ ಕಣಜವೊಂದೇ ತಲೆಯೆತ್ತಿ ನಿಂತ ಊರು.
ಹೆಸರು ಬೇಡ. ರೈಲು ನಿಲ್ಲುತ್ತಿತ್ತು, ಅಷ್ಟು ಸಾಕು.

ಸರ್ಕಾರ ಒಂದು ಪರೀಕ್ಷೆ ಮಾಡುತ್ತಿತ್ತು:
ಬಡವರಿಗೆ ತಿಂಗಳಿಗಿಷ್ಟು ಅಂತ ಕೊಟ್ಟುಬಿಟ್ಟರೆ,
ಯಾಕೆ ಏನು ಎಂದು ಕೇಳದೆ ಕೊಟ್ಟರೆ
ಜನ ಏನಾಗುತ್ತಾರೆ?
ಕೇಳದೆ ಕೊಟ್ಟದ್ದನ್ನು ಕೇಳಿ ತಿಳಿಯಲು
ನಾನು.

ಪರಾಸ್ಕಾ ಕೊಸ್ತ್ಯುಕ್ ಮನೆ ಹಳಿಯಾಚೆ.
ಒಳಗೆ ಹುಳಿಹಾಕಿದ ಕೋಸಿನ ವಾಸನೆ,
ಒಲೆಯ ಮೇಲೆ ಒಣಗುತ್ತಿದ್ದ ಕೈಗವಸು.
ನಾನು ಕೂರುವ ಮೊದಲೇ
ಬೀರುವಿನ ಬಾಗಿಲು ತೆರೆದು ನಿಂತಳು.
"ಎಣಿಸಿಕೊಳ್ಳಿ" ಎಂದಳು.
ಏನನ್ನು?
ಹಿಂದೆಲ್ಲ ಧರ್ಮದ ದುಡ್ಡು ತರುತ್ತಿದ್ದ ಪುರಸಭೆಯ ಕ್ಲೆಗ್ ಸಾಹೇಬ
ಆಲೂಗಡ್ಡೆ ಎಣಿಸುತ್ತಿದ್ದನಂತೆ,
ಇನ್ನೊಂದು ಜೊತೆ ಬೂಟು ಯಾರದೆಂದು ಕೇಳುತ್ತಿದ್ದನಂತೆ,
ಮಂಚದಡಿ ಬಗ್ಗುತ್ತಿದ್ದನಂತೆ.
"ನನಗದು ಬೇಡ" ಎಂದೆ. ಮುಚ್ಚಿದಳು.
ಕೈ ಮಾತ್ರ ಹಿಡಿಯ ಮೇಲೇ ಇತ್ತು, ಬಹಳ ಹೊತ್ತು.

ಪ್ರಶ್ನೆ ಹನ್ನೊಂದು: ಚೆಕ್ಕು ಬಂದ ಮೇಲೆ
ವಾರಕ್ಕೆ ಎಷ್ಟು ಗಂಟೆ ಕಡಿಮೆ ದುಡಿದಿರಿ?
"ಹೋಟೆಲಿನ ನೆಲ ಒರೆಸುವುದು ಬಿಟ್ಟೆ. ರಾತ್ರಿಯದು ಮಾತ್ರ."
ಒಂಬತ್ತು, ಎಂದು ಬರೆದೆ.
ಆ ಹೊತ್ತು ಏನು ಮಾಡುತ್ತೀರಿ?
ಫಾರಮ್ಮಿನಲ್ಲಿರಲಿಲ್ಲ, ಬಾಯಿತಪ್ಪಿ ಬಂತು.
"ನಿದ್ದೆ" ಎಂದಳು,
ಕಳವು ಒಪ್ಪಿಕೊಂಡವಳ ಹಾಗೆ ನೆಲ ನೋಡುತ್ತ.

ಏನು ಕೊಂಡಿರಿ?
ಹಲ್ಲು. ಮುಂದಿನವು ನಾಲ್ಕು.
ತೋರಿಸಲೆಂದೇ ನಕ್ಕಳು.
ಮಗಳು ಯೆವ್ಕಾ ಹನ್ನೆರಡನೇ ಕ್ಲಾಸಿನ ಮೆಟ್ಟಿಲು ಹತ್ತಿದ್ದಳು,
ಆ ವಂಶದಲ್ಲಿ ಹತ್ತು ದಾಟಿದ ಮೊದಲ ಕಾಲು.
ಗಂಡ ಓನುಫ್ರಿ, ಎರಡು ಬೆರಳು ನುಂಗಿದ ಗರಗಸದ ಮಿಲ್ಲಿಗೆ
ಇನ್ನು ಬರುವುದಿಲ್ಲವೆಂದು ಮೇಸ್ತ್ರಿಗೆ ಹೇಳಿದನಂತೆ,
ಟೋಪಿ ತೆಗೆಯದೆ.
ಆ 'ಇಲ್ಲ'ವನ್ನು ಯಾವ ಕಾಲಮ್ಮಿಗೆ ಸೇರಿಸಲಿ?
ಕೊನೆಯಲ್ಲೊಂದು ಷರಾ ಇತ್ತು, ಎರಡು ಬೆರಳಗಲ.
"ವಿಶೇಷವೇನಿಲ್ಲ" ಎಂದು ಬರೆದು ಎದ್ದೆ.
ಐದಕ್ಕೆ ಕತ್ತಲಾಗುತ್ತದೆ ಅಲ್ಲಿ, ಕಾರಿನ ಎಂಜಿನ್ನು ಸಾಯುತ್ತದೆ.

ಕೂತು ಉಂಡರೆ ಕುಡಿಕೆ ಹೊನ್ನು ಸಾಲದೆಂಬ ಗಾದೆ
ಅವರಲ್ಲೂ ಒಂದಿತ್ತು.
ಕೆಫೆಯಲ್ಲಿ, ಕೂತೇ ಹೇಳುತ್ತಿದ್ದರು.
ಹೇಳುವವರ ಅಜ್ಜನಿಗೆ ಇದೇ ಸರ್ಕಾರ
ನೂರರವತ್ತು ಎಕರೆ ಕೊಟ್ಟಿತ್ತು, ಹತ್ತು ಡಾಲರಿಗೆ.
ಅಜ್ಜ ಸೋಮಾರಿಯಾದನೇ ಎಂದು ಯಾರೂ ಪರೀಕ್ಷಿಸಲಿಲ್ಲ.
ಅದಕ್ಕೂ ಮೊದಲು ಆ ನೆಲ ಯಾರದಿತ್ತೆಂದು
ನನ್ನ ಫಾರಮ್ಮೂ ಕೇಳಲಿಲ್ಲ.

ಮೂರನೆಯ ಚಳಿಗಾಲ ಹೋದಾಗ
ಪರಾಸ್ಕಾ ಬೀರುವಿನ ಕಡೆ ತಿರುಗಲೂ ಇಲ್ಲ.
ಚಹಾ ಕೊಡುವುದು ಮರೆತು ಜಗಳ ತೆಗೆದಳು:
"ನಿಮ್ಮ ಹನ್ನೊಂದನೆಯದು ಸರಿಯಿಲ್ಲ.
ಹೆದರಿಕೆ ಎಷ್ಟು ಗಂಟೆ ಕಡಿಮೆಯಾಯಿತು ಎಂದು ಕೇಳಿ."
ಆಮೇಲೆ ದನಿ ತಗ್ಗಿಸಿ,
"ಮುಂದಿನ ತಿಂಗಳೂ ಬರುತ್ತದಲ್ಲ?"
ಬರುತ್ತದೆ, ಎಂದೆ. ನನಗೇನು ಗೊತ್ತಿತ್ತು.

ಸರ್ಕಾರ ಬದಲಾಯಿತು. ಚೆಕ್ಕು ನಿಂತಿತು.
ಫಾರಮ್ಮುಗಳನ್ನು ಎಣಿಸಲೂ ದುಡ್ಡಿಲ್ಲವೆಂದು
ರಟ್ಟಿನ ಪೆಟ್ಟಿಗೆಗೆ ತುಂಬಿ ಗೋದಾಮಿಗೆ ಸಾಗಿಸಿದರು.
ಯೆವ್ಕಾ ಆ ಹೊತ್ತಿಗೆ ಪಾಸಾಗಿದ್ದಳು. ಅದನ್ನು ವಾಪಸು ಕೇಳಲಾಗದು.
ನೆಲ ಒರೆಸುವ ಕೆಲಸಕ್ಕೆ ಪರಾಸ್ಕಾ ಮತ್ತೆ ಹೋದಳೆಂದು
ಯಾರೋ ಹೇಳಿದರು. ನಾನು ನೋಡಲು ಹೋಗಲಿಲ್ಲ.

ಈಗ ನನಗೆ ಎಂಬತ್ತೊಂದು.
ತಿಂಗಳ ಕೊನೆಗೆ ವೃದ್ಧಾಪ್ಯದ ಹಣ ಬರುತ್ತದೆ,
ಯಾರೂ ನನ್ನ ಆಲೂಗಡ್ಡೆ ಎಣಿಸುವುದಿಲ್ಲ.
ರೇಡಿಯೊದಲ್ಲಿ ಮತ್ತದೇ ಚರ್ಚೆ:
ಸುಮ್ಮನೆ ಕೊಟ್ಟರೆ ಜನ ಕೆಡುತ್ತಾರೆಯೆ?
ಕೊಡಿ ಸ್ವಾಮಿ. ಎಲ್ಲರಿಗೂ, ಪ್ರತಿ ತಿಂಗಳೂ, ನಿಲ್ಲಿಸದೆ ಕೊಡಿ.
ಉತ್ತರ ಪೆಟ್ಟಿಗೆಯಲ್ಲಿದೆ, ಇಲಿ ತಿನ್ನದಿದ್ದರೆ.
ನನ್ನದೊಂದು ಷರಾ ಮಾತ್ರ ತಪ್ಪು.
ಪೆನ್ಸಿಲ್ಲಿನದು.
ಅಳಿಸಿ ಬರೆಯಬಹುದು.