ಜುಲೈನಲ್ಲಿ ಬಣ್ಣವಿಲ್ಲ

ಹೂ ಮುಗಿದು ಆರು ವಾರ. ಈಗಲೇ ಅಗೆಯಬೇಕು.
ನೆಬ್ರಾಸ್ಕದ ಜುಲೈ. ಬೆಳಗಿನ ಏಳಕ್ಕೇ
ಸಲಿಕೆಯ ಹಿಡಿ ಬಿಸಿ.
ಲೂಪ್ ನದಿಯ ಮೇಲಿನ ದಿಬ್ಬದಲ್ಲಿ
ಬೊಹೀಮಿಯಾದಿಂದ ಬಂದವರ ಗೋರಿಗಳು,
ನೂರಾ ಹನ್ನೆರಡು ಕಲ್ಲು,
ಒಂದು ನಲ್ಲಿ, ಅದೂ ಸೋರುತ್ತದೆ.
ಹುಲ್ಲು ಕತ್ತರಿಸಲು ನನಗೆ ಸಂಬಳ ಕೊಡುತ್ತಾರೆ.
ಐರಿಸ್‌ಗೆ ಕೊಡುವುದಿಲ್ಲ.

ಕಷ್ಟದ ಗಿಡವೇನಲ್ಲ.
ನೆಲ ಕಬ್ಬಿಣವಾಗುವ ಚಳಿಯಲ್ಲೂ
ಹಿಮದಡಿ ಮುದುರಿ ಮಲಗಿದ್ದು
ಏಪ್ರಿಲ್‌ಗೆ ಕತ್ತಿ ಹಿರಿದು ನಿಲ್ಲುತ್ತದೆ.
ಅದನ್ನು ಕೊಲ್ಲುವುದು ಅಕ್ಕರೆ:
ಬೇಡದ ನೀರು, ಬೇಡದ ಗೊಬ್ಬರ,
ಕತ್ತಿನ ತನಕ ಹೊದಿಸಿದ ಮಣ್ಣು.
ಗೆಡ್ಡೆ ನೋಡಲು ಶುಂಠಿಯೇ, ಆದರೆ
ಶುಂಠಿಯಂತೆ ಹೂಳಬಾರದು.
ಬೇರು ಮಣ್ಣಲ್ಲಿ, ಬೆನ್ನು ಬಿಸಿಲಲ್ಲಿ;
ಹೊಂಡಕ್ಕಿಳಿದ ದನದ ಬೆನ್ನಷ್ಟು ಕಾಣಬೇಕು.

ಮತ್ತೆ, ಅದು ನಡೆಯುತ್ತದೆ.
ಮುಂದಿನ ತುದಿ ಹಡೆಯುತ್ತ, ಹಿಂದಿನದು ಟೊಳ್ಳಾಗುತ್ತ
ವರ್ಷಕ್ಕೆ ನಾಲ್ಕು ಬೆರಳು.
ಯಾರೂ ನೋಡದಿದ್ದಾಗ ಎಂದು ನನ್ನ ಗುಮಾನಿ.

ನಾಲ್ಕನೆಯ ಸಾಲಿನಲ್ಲಿ ಬೊಹುಮಿಲ್, ಲೂಮೀರ್.
ಒಂದೇ ಹೊಟ್ಟೆಯಲ್ಲಿ ಹುಟ್ಟಿದ ದಾಯಾದಿಗಳು.
ಬಾವಿ ಯಾರ ಬೇಲಿಯೊಳಗೆ ಎಂಬಲ್ಲಿ ಶುರುವಾಗಿ
ಮೂವತ್ತೊಂದು ವರ್ಷ ಒಂದು ಮಾತಿಲ್ಲ.
ಚರ್ಚಿನಲ್ಲಿ ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ.
ಗುಂಡಿಯ ಜಾಗ ಮಾತ್ರ ಅಪ್ಪ ಮೊದಲೇ
ಜೋಡಿಯಾಗಿ ಕೊಂಡಿಟ್ಟಿದ್ದ; ಅಗ್ಗಕ್ಕೆ ಸಿಕ್ಕಿತ್ತಂತೆ.
ನಡುವೆ ಮೂರು ಮೊಳ.
ಬೊಹುಮಿಲ್‌ನ ಹೆಂಡತಿ ಹಳದಿ ನೆಟ್ಟಳು.
ಲೂಮೀರ್‌ನ ಹೆಂಡತಿ, ಹಳದಿಯೊಂದು ಬಿಟ್ಟು
ಯಾವುದಾದರೂ ಸರಿ ಎಂದು, ನೇರಳೆ.

ಅವರಿಬ್ಬರೂ ಹೋದ ಮೇಲೆ ನಾನು.
ಮೇ ತಿಂಗಳು, ಹೂ ಇರುವಾಗಲೇ
ಎಲೆಯ ಮೇಲೆ ಶಾಯಿಯಲ್ಲಿ ಬರೆದಿಡುತ್ತೇನೆ:
ಹ. ನೇ. ಹ. ಹ. ನೇ.
ಜುಲೈನಲ್ಲಿ ಬಣ್ಣವಿರುವುದಿಲ್ಲವಲ್ಲ,
ಎಲ್ಲ ಬರೀ ಹಸಿರು ಬೀಸಣಿಗೆ.

ಈ ಸಲ ಜೂನ್ ಒಂಬತ್ತಕ್ಕೆ ಆಲಿಕಲ್ಲು.
ಹನ್ನೊಂದೇ ನಿಮಿಷ.
ಮೆಕ್ಕೆಜೋಳದ ಸಸಿ ನೆಲಸಮ,
ನನ್ನ ಟ್ರಕ್ಕಿನ ಮುಖಕ್ಕೆ ಸಿಡುಬು,
ಎಲೆ ಚಿಂದಿ. ಇನ್ನು ಅಕ್ಷರ ಎಲ್ಲಿಂದ?

ಎತ್ತಿದರೆ ಚಾಪೆಯಂತೆ ಒಟ್ಟಿಗೇ ಎದ್ದು ಬಂತು.
ಬಿಡಿಸಿದೆ. ಮೂರರಲ್ಲಿ ಕೊರಕ ಹುಳು,
ಗುಲಾಬಿ, ಕೊಬ್ಬಿದ್ದು, ಕಿರುಬೆರಳಷ್ಟು. ಬೂಟಿನಡಿಗೆ.
ಕೊಳೆತದ್ದನ್ನು ಹಳೆ ಚಮಚದಲ್ಲಿ ಕೆರೆದೆ
(ಆ ನಾತ ರಾತ್ರಿ ಊಟದ ತನಕ ಉಗುರು ಬಿಡಲಿಲ್ಲ),
ಎಲೆಗಳನ್ನು ಗೇಣುದ್ದಕ್ಕೆ ಕತ್ತರಿಸಿ
ಟ್ರಕ್ಕಿನ ಹಿಂಬದಿಯಲ್ಲಿ ಹರಡಿದೆ: ಎಪ್ಪತ್ತಮೂರು.
ಯಾವುದು ಯಾರದ್ದು? ಮೂಸಿದೆ.
ಒಂದನ್ನು ಮುರಿದೂ ನೋಡಿದೆ. ಒಳಗೆ ಕೆನೆಬಿಳುಪು.
ಇನ್ನೊಂದು. ಅದೂ.

ಅವರ ತಂಗಿ ಆಲ್ಬೀನಾಗೆ ಫೋನ್ ಮಾಡಿದೆ.
ಎಂಬತ್ತೊಂಬತ್ತು. ತಾನೇ ಕಾರು ಓಡಿಸಿಕೊಂಡು ಬಂದಳು,
ಗೇಟಿನ ಕಂಬಕ್ಕೆ ಒಂಚೂರು ತಾಗಿಸಿ.
ಕೋಲಿನ ತುದಿಯಿಂದ ಒಂದು ಗೆಡ್ಡೆ ಹೊರಳಿಸಿದಳು.
“ಆ ಬಾವಿ ಐವತ್ತಾರರಲ್ಲೇ ಬತ್ತಿಹೋಗಿತ್ತು,” ಅಂದಳು,
“ಇಬ್ಬರಿಗೂ ಗೊತ್ತಿತ್ತು.”
ನಲ್ಲಿಯತ್ತ ನೋಡಿ, “ಅದಕ್ಕೊಂದು ವಾಶರ್ ಹಾಕಿಸು.”
ಕಾರು ಹತ್ತುವಾಗ, “ಹಳದಿ ನನಗೆ ಯಾವತ್ತೂ ಸೇರಲ್ಲ.”

ಎತ್ತ ಮುಖ ಮಾಡಿ ನೆಟ್ಟರೆ ಅತ್ತ ನಡೆಯುವ ಗಿಡ.
ಇಷ್ಟು ವರ್ಷ ಬೆನ್ನಿಗೆ ಬೆನ್ನು ಕೊಟ್ಟೇ ನೆಡುತ್ತಿದ್ದೆ.
ಈಗಲೂ ಕೈ ಹಾಗೇ ನೆಟ್ಟಿತು, ಅಭ್ಯಾಸ ನೋಡಿ.
ನೀರು ಹಾಕಿ ಎದ್ದು ನಿಂತಾಗ ಕಂಡಿತು,
ಲೂಮೀರ್‌ನ ಬದಿಯ ಕೊನೆಯದೊಂದು
ಒಳಮುಖವಾಗಿ ಕೂತಿದೆ.
ಮಂಡಿ ನೋಯುತ್ತಿತ್ತು. ಮತ್ತೆ ಬಗ್ಗಲಿಲ್ಲ.

ಉಳಿದದ್ದನ್ನು ಬಕೆಟ್ಟಿಗೆ ತುಂಬಿ ಗೇಟಿನ ಹೊರಗಿಟ್ಟು
ರಟ್ಟಿನ ಮೇಲೆ ಬರೆದೆ:
ಬಣ್ಣ ಗೊತ್ತಿಲ್ಲ. ಬೇಕಾದವರು ಒಯ್ಯಿರಿ.
ಸಂಜೆ ಬಂದು ನೋಡಿದರೆ
ಬಕೆಟ್ಟೂ ಇರಲಿಲ್ಲ.