ಎಂಟನೇ ಮಹಡಿಗೆ ಒಂದು ನಾಣ್ಯ

ತ್ಬಿಲಿಸಿಯ ಆ ಹಳೇ ಕಟ್ಟಡದ ಲಿಫ್ಟು
ನಾಣ್ಯ ನುಂಗದೆ ಮೇಲೇಳುವುದಿಲ್ಲ.
ನಾಲ್ಕು ದಿನದಿಂದ ಲಮಾರಾ
ಅದಕ್ಕೇ ಪಾಠ ಒಪ್ಪಿಸುತ್ತಿದ್ದಾಳೆ:
ಮೂರರಲ್ಲಿ ಹೆಸರು, ಓದು;
ಐದರಲ್ಲಿ ಅನುಭವ;
ಏಳರ ಹೊತ್ತಿಗೆ ತೊದಲು.
ಆ ಆರು ವರ್ಷ ಏನು ಮಾಡಿದಿರಿ?

ಅತ್ತೆಯ ಮಗ್ಗುಲು ಬದಲಿಸುತ್ತಿದ್ದೆ
ಎನ್ನಲು ಎಂಟು ಮಹಡಿ ಸಾಲದು.

ಗುರುವಾರ. ಅಕ್ಕನ ಕೋಟು, ತೋಳು ಗಿಡ್ಡ.
ಮೇಜಿನಾಚೆ ಮೂವರು, ಒಂದು ನೀರಿನ ಜಗ್ಗು.
ಬಾಯಿಪಾಠವೆಲ್ಲ ಕೆಳಗೇ ಇಳಿದುಹೋಗಿತ್ತು.
ಬಂತು, ಅದೇ ಪ್ರಶ್ನೆ.

"ಮಲಗಿದವರ ಉಸಿರು ಕೇಳುತ್ತಿದ್ದೆ.
ಎಲ್ಲಿ ಸಿಕ್ಕಿಕೊಳ್ಳುತ್ತದೆ, ಯಾವಾಗ ಎತ್ತಬೇಕು,
ಕಿವಿಗೇ ಗೊತ್ತಾಗುತ್ತದೆ.
ಅಂದಹಾಗೆ, ನಿಮ್ಮ ಲಿಫ್ಟು
ನಾಲ್ಕು ದಾಟುವಾಗ ನರಳುತ್ತದೆ.
ಎಡಗಡೆಯ ಹಳಿ ಒಣಗಿದೆ."

ಲಿಫ್ಟ್ ದುರಸ್ತಿ ಕಂಪನಿಯ ಮೂವರು
ಮುಖ ಮುಖ ನೋಡಿಕೊಂಡರು.
ಒಬ್ಬ ಪೆನ್ನಿಗೆ ಮುಚ್ಚಳ ಹಾಕಿದ:
"ಬನ್ನಿ, ಎಣ್ಣೆಡಬ್ಬಿ ಎಲ್ಲಿದೆ ತೋರಿಸುತ್ತೇನೆ."