ಭಾಗ ಸಂಖ್ಯೆ ನೂರ ಎಪ್ಪತ್ತೊಂದು

ಪೂರ್ವಕ್ಕೆ ಘಟ್ಟ, ಅದರ ನೆತ್ತಿಯಾಚೆ ಬೇರೆ ಜಿಲ್ಲೆ;
ಇಲ್ಲಿ ಮೊಬೈಲಿಗೆ ಸಿಗುವುದು ಆಚೆಯ ಟವರೇ,
ಅದೂ ಹಲಸಿನ ಮರದ ಬುಡದಲ್ಲಿ ನಿಂತರೆ ಮಾತ್ರ.
ಪಶ್ಚಿಮಕ್ಕೆ ಇಳಿಯುತ್ತ ಹೋದರೆ ಹೆಬ್ರಿ,
ಹೆಬ್ರಿ ಮುಗಿದರೆ ಉಡುಪಿ, ಉಡುಪಿ ಮುಗಿದರೆ ಕಡಲು.
ಉತ್ತರಕ್ಕೆ ರಾಷ್ಟ್ರೀಯ ಉದ್ಯಾನ. ದಕ್ಷಿಣಕ್ಕೂ.
ನಡುವೆಯೂ ಅದೇ, ಎನ್ನುತ್ತಾರೆ ಫಾರೆಸ್ಟಿನವರು.
ಊರಿನವರು ಆ ನಡುವಿಗೆ ಬೈನೆಗುಂಡಿ ಎನ್ನುತ್ತಾರೆ.
ನನ್ನ ಚೀಲದಲ್ಲಿ ಅದು ಆರು ಹಾಳೆ.

ಜೀಪು ಗೇಟಿನವರೆಗೆ. ಮುಂದೆ ಉಂಬುಳ.
ಉಪ್ಪು, ಸುಣ್ಣ, ಹೊಗೆಸೊಪ್ಪಿನ ನೀರು ಎಲ್ಲ ಹಚ್ಚಿಯೂ
ಕಾಲ್ಬೆರಳ ಸಂದಿಯಲ್ಲಿ ಎರಡು;
ಸರ್ಕಾರಿ ಕೆಲಸದವಳೆಂಬ ದಾಕ್ಷಿಣ್ಯವಿಲ್ಲ.

ಹೊಳೆಗೆ ಅಡ್ಡ ಎರಡು ಬೈನೆಮರ, ಹಿಡಿಯಲು ಒಂದು ಬಳ್ಳಿ:
ಇದೇ ಸಂಕ. ಇದನ್ನೇ ಮೂವತ್ತು ವರ್ಷದಿಂದ
ಎಲ್ಲ ಪಕ್ಷದವರೂ ಸೇತುವೆ ಎಂದು ಕರೆಯುತ್ತಿರುವುದು.
ಕಳೆದ ಸಲ "ಸೇತುವೆ ಇಲ್ಲದೆ ಮತವಿಲ್ಲ" ಎಂದು
ಬ್ಯಾನರ್ ಕಟ್ಟಿದ್ದರು. ಸಂಜೆ ಆರರವರೆಗೆ
ಮಿಷನ್ನು ಒಂದು ಸಲವೂ ಬೀಪ್ ಎನ್ನಲಿಲ್ಲ.
ತಹಶೀಲ್ದಾರರು ಬೂಟು ಕೈಯಲ್ಲಿ ಹಿಡಿದು ದಾಟಿ ಬಂದು,
ಮಜ್ಜಿಗೆ ಕುಡಿದು, ಬೂಟು ಕೈಯಲ್ಲೇ ಹಿಡಿದು ದಾಟಿ ಹೋದರು.
ಈಗ ಆ ಬ್ಯಾನರ್ ಲಿಂಗುವಿನ ಕೋಳಿಗೂಡಿನ ಮಾಡು,
ಹೊರಗೆ ಕಾಣುವುದು "ಮತವಿಲ್ಲ" ಮಾತ್ರ.

ಪಟ್ಟಿಯಲ್ಲಿ ನೂರ ಹದಿಮೂರು ಜನ.
ಮೊದಲು ಮುನ್ನೂರಿತ್ತು. ಪ್ಯಾಕೇಜಿನ ದುಡ್ಡು ಹಿಡಿದು
ಅರ್ಧಕ್ಕಿಂತ ಹೆಚ್ಚು ಊರು ಒಂದೇ ಬೇಸಗೆಯಲ್ಲಿ
ಕಾರ್ಕಳದ ಕಡೆ ಇಳಿಯಿತು.
ಉಳಿದವರು ಯಾಕೆ ಉಳಿದರೆಂದು ಕೇಳಲು
ನನ್ನ ಫಾರಂನಲ್ಲಿ ಕಾಲಂ ಇಲ್ಲ.
ಡೀಕಯ್ಯ ಮಾತ್ರ ಕೇಳದೆಯೂ ಹೇಳಿದ:
"ಭೂತದ ಕಲ್ಲಿಗೆ ಎಷ್ಟು ರೇಟು ಹಾಕಿದ್ದಾರೆಂದು
ಲಿಸ್ಟಲ್ಲಿ ಹುಡುಕಿದೆ. ಇರಲಿಲ್ಲ."

ನೂರ ಹದಿಮೂರರಲ್ಲಿ ಹದಿನೇಳು ಜನ ತೀರಿಹೋಗಿದ್ದಾರೆ.
ಅವರ ಹೆಸರು ತೆಗೆಯುವುದೇ ನಾನು ಹತ್ತಿ ಬಂದ ಕೆಲಸ.
ನೂರಕ್ಕಿಂತ ಕಡಿಮೆಯಾದರೆ ಬೂತು ಕೆಳಗಿಳಿಯುತ್ತದಂತೆ,
ಹನ್ನೊಂದು ಕಿಲೋಮೀಟರ್, ನನ್ನ ಶಾಲೆಗೆ.
ಈ "ಅಂತೆ" ನನಗಿಂತ ಮುಂಚೆ ಹೊಳೆ ದಾಟಿತ್ತು.

ಪೂವಕ್ಕ ಬೆಲ್ಲ ನೀರು ಇಟ್ಟು, ಗಂಡನ ಕಾರ್ಡು ತಂದರು.
ನೋಣಯ್ಯ, ಎಪ್ಪತ್ತೆರಡು, ಪ್ಲಾಸ್ಟಿಕ್ಕಿನೊಳಗೆ ಗಂಭೀರ.
"ಅವರನ್ನು ತೆಗೀಬೇಡಿ ಟೀಚರ್. ಓಟು ಹಾಕಲಿಕ್ಕಲ್ಲ,
ಅಂಥ ಕೆಲಸ ನಾವು ಮಾಡುವುದಿಲ್ಲ.
ಲೆಕ್ಕಕ್ಕೆ ಇರಲಿ, ಅಷ್ಟೆ."
ಡೀಕಯ್ಯ ಜಗಲಿಯಿಂದಲೇ ಸೇರಿಸಿದ:
"ಮಿಷನ್ ಹೊರುವಾಗ ಮಾತ್ರ ಈ ದಾರಿಯ ಬಲ್ಲೆ ಸವರುವುದು ಮಾರಾಯ್ರೆ.
ಐದು ವರ್ಷಕ್ಕೊಮ್ಮೆ ಸರ್ಕಾರದ ಕಾಲಿಗೂ ಉಂಬುಳ ಹತ್ತಲಿ."

ಹೊಸದಾಗಿ ಸೇರಿದ್ದು ಒಂದೇ ಹೆಸರು, ಸುಚರಿತಾ,
ಮೊನ್ನೆ ಹದಿನೆಂಟು ತುಂಬಿದವಳು.
ಈ ಸಲ ಓಟು ಹಾಕ್ತೀಯಾ, ಕೇಳಿದೆ.
"ಹಾಕದೇ ಇರಲಿಕ್ಕೂ ಹೆಸರು ಬೇಕಲ್ಲ ಟೀಚರ್" ಎಂದಳು.
ಸಹಿ ಎರಡು ಸಲ ತಪ್ಪಿತು,
ಒಂದರಲ್ಲಿ ಇನಿಶಿಯಲ್ ಬಿಟ್ಟಿದ್ದಳು.

ಇಳಿಯುವ ಮುಂಚೆ ಕಲ್ಲಿನ ಮೇಲೆ ಕೂತೆ. ಕತ್ತಲಾಗುತ್ತಿತ್ತು.
ದೂರದಲ್ಲಿ ಮಲ್ಪೆಯ ಬೋಟುಗಳ ದೀಪ.
ಅವುಗಳಲ್ಲೊಂದರಲ್ಲಿ ನನ್ನ ತಮ್ಮ.
ಗಣತಿಯವರು ಬಂದಾಗೆಲ್ಲ ಅವನು ನೀರ ಮೇಲೆ;
ಅಮ್ಮ ಹೊಸ್ತಿಲಲ್ಲಿ ನಿಂತು ಹೇಳುತ್ತಿದ್ದಳು,
"ಬರೆದುಕೊಳ್ಳಿ, ಇದ್ದಾನೆ."

ಟಾರ್ಚು ಹಲ್ಲಲ್ಲಿ ಕಚ್ಚಿ, ಹದಿನೇಳು ಹೆಸರಿನ ಮುಂದೆ
ಪೆನ್ಸಿಲಿನಲ್ಲಿ ಬರೆದೆ:
ಮನೆಗೆ ಬೀಗ. ಇನ್ನೊಮ್ಮೆ ಬರಬೇಕು.

ಬೈನೆಗುಂಡಿಯ ಒಂದು ಬಾಗಿಲಿಗೂ ಬೀಗವಿಲ್ಲ.
ಪೆನ್ಸಿಲು ಸಲ್ಲದೆಂದು ಟ್ರೈನಿಂಗಿನಲ್ಲಿ ಹೇಳಿದ್ದರು.
ಸಂಕದ ಮೇಲೆ ಆ ಆರು ಹಾಳೆ ತಲೆಗೇರಿಸಿದೆ,
ಒಂದು ಕೈ ಬಳ್ಳಿಗೆ.